ಒಂದು ಮೊಳದ ದಿಡ್ಡಿ ಬಾಗಿಲು

ಕಚೇರಿಯಿಂದ ನನ್ನನ್ನು ಬೀಳ್ಕೊಟ್ಟಾಗ ನನಗೆ ಇಪ್ಪತ್ತೊಂಬತ್ತು ವರ್ಷ. ಜಿಲ್ಲಾ ಕೈಪಿಡಿಯ ಕೆಲಸ ಮುಗಿದದ್ದರಿಂದ ನಮ್ಮ ವಿಭಾಗವನ್ನೇ ಮುಚ್ಚಿದರು. ಗುತ್ತಿಗೆಯ ಮೇಲಿದ್ದ ನನ್ನ ಹುದ್ದೆಯೂ ಅದರ ಜೊತೆಗೆ ಹೋಯಿತು. ಅದೇ ದಿನ ನಮ್ಮ ಸೂಪರಿಂಟೆಂಡೆಂಟ್ ಶಿವಯೋಗಪ್ಪನವರಿಗೆ ಐವತ್ತೆಂಟು ತುಂಬಿ ನಿವೃತ್ತಿಯಾಯಿತು. ಎರಡು ಸಮಾರಂಭ ಯಾಕೆಂದು ಒಂದೇ ಮಾಡಿದರು. ಅವರಿಗೆ ಹೊದಿಸಿದಂಥದೇ ಶಾಲನ್ನು ನನಗೂ ಹೊದಿಸಿದರು.

"ನಾನು ಈ ಶಾಲಿಗೆ ಮೂವತ್ತನಾಲ್ಕು ವರ್ಷ ದುಡಿದೀನಿ," ಎಂದರು ಶಿವಯೋಗಪ್ಪ. "ನೀನು ಮೂರೂವರೆ ವರ್ಷದಾಗೆ ಹೊಡ್ಕಂಡಿ. ಜಾಣೆ ನೋಡಮ್ಮ ನೀನು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದ್ದರಿಂದ ಇದನ್ನು ನಿವೃತ್ತಿಯ ನಂತರದ ಬರಹ ಎಂದು ಕರೆದರೆ ತೀರ ತಪ್ಪಾಗಲಾರದು. ಊರಿನ ಹಳೆಯ ಸಂಗತಿಗಳನ್ನು ಕೇಳಿ ಬರೆದುಕೊಳ್ಳುವ ಈ ಕೆಲಸಕ್ಕೆ ಎಂ.ಎ. ಮುಗಿಸಿದ ಹುಡುಗ ಹುಡುಗಿಯರು ಇನ್ನು ಮುಂದೆಯೂ ಬರುತ್ತಾರೆ. ಆದೇಶಪತ್ರದಲ್ಲಿ ಇಲ್ಲದ ಕೆಲವು ವಿಷಯಗಳನ್ನು ಅವರಿಗಾಗಿ ಬರೆದಿಡುತ್ತಿದ್ದೇನೆ.

ದಾವಣಗೆರೆ ಆಗಷ್ಟೇ ಜಿಲ್ಲೆಯಾಗಿತ್ತು. ಹೊಸ ಜಿಲ್ಲೆಗೆ ಒಂದು ಕೈಪಿಡಿ ಬೇಕೆಂದು ತೀರ್ಮಾನವಾಗಿ, ಕೆರೆ, ಮಂಟಪ, ಸಂತೆಮಾಳ, ಉದ್ಯಾನ ಇವುಗಳ ಅಧ್ಯಾಯ ನನ್ನ ಪಾಲಿಗೆ ಬಂತು. ಕಾರಿಡಾರಿನ ಕೊನೆಯಲ್ಲಿ ಒಂದು ಕೋಣೆ, ಒಂದು ಮೇಜು, ಕಾರ್ಡುಗಳನ್ನು ಇಡಲು ಮರದ ಪೆಟ್ಟಿಗೆ. ಶಿವಯೋಗಪ್ಪನವರಿಗೆ ವಿಶೇಷಣಗಳೆಂದರೆ ಆಗುತ್ತಿರಲಿಲ್ಲ. ನನ್ನ ಮೊದಲ ಟಿಪ್ಪಣಿಯಲ್ಲಿ ಒಂದು ಮಂಟಪವನ್ನು ಸುಂದರವಾದದ್ದು ಎಂದು ಬರೆದಿದ್ದೆ. ಅವರು ಆ ಪದದ ಮೇಲೆ ಅಡ್ಡಗೆರೆ ಎಳೆದು, "ಚೆಂದ ಐತೋ ಇಲ್ಲೋ ಓದೋನು ನೋಡ್ಕಂತಾನೆ. ಎಷ್ಟು ಅಡಿ ಐತೆ, ಅದನ್ನ ಹೇಳು," ಎಂದರು. ಅವತ್ತಿನಿಂದ ನನ್ನ ಚೀಲದಲ್ಲಿ ಅಳತೆ ಟೇಪು ಸದಾ ಇರುತ್ತಿತ್ತು.

ಮೊದಲ ವರ್ಷ ನನಗೆ ಒಂದು ಟೇಪ್ ರೆಕಾರ್ಡರ್ ಕೊಟ್ಟಿದ್ದರು. ಅದರಿಂದ ಏನೂ ಪ್ರಯೋಜನವಾಗಲಿಲ್ಲ. ಪಕ್ಕದ ಹಳ್ಳಿ ಬಾತಿಯಲ್ಲಿ ಒಬ್ಬ ಅಜ್ಜ ಕೆರೆ ಒಡೆದ ಕಥೆಯನ್ನು ಕಟ್ಟೆಯ ಮೇಲೆ ಕಾಲು ಚಾಚಿಕೊಂಡು ಹೇಳುತ್ತಿದ್ದರು. ನಾನು ಯಂತ್ರವನ್ನು ಹೊರತೆಗೆದೊಡನೆ ಎದ್ದು ನಿಂತು, ಟವೆಲನ್ನು ಹೆಗಲ ಮೇಲೆ ಸರಿ ಮಾಡಿಕೊಂಡು, "ಮಾನ್ಯರೇ" ಎಂದು ಶುರು ಮಾಡಿದರು. ಕೆರೆಯ ಕಥೆ ಅಲ್ಲಿಗೇ ನಿಂತಿತು. ಯಂತ್ರ ಬಿಟ್ಟು ನೋಟ್‌ಬುಕ್ ಹಿಡಿದೆ. ನೋಟ್‌ಬುಕ್ ಕಂಡರೂ ಜನ ಬಿಗಿಯಾಗುತ್ತಿದ್ದರು. ಕೊನೆಗೆ ಬರಿಗೈಯಲ್ಲಿ ಹೋಗಿ, ಕೂತು, ಕೇಳಿ, ಬಸ್ ನಿಲ್ದಾಣಕ್ಕೆ ಬಂದು ಮೂಲೆಯ ಬೆಂಚಿನಲ್ಲಿ ಎಲ್ಲವನ್ನೂ ಬರೆದುಕೊಳ್ಳುವುದನ್ನು ಕಲಿತೆ. ಒಂದು ಮಾತೂ ತಪ್ಪುತ್ತಿರಲಿಲ್ಲ. ನಾನು ಬರೆಯಲು ಬಂದವಳು ಎಂಬುದು ಜನರಿಗೆ ಮರೆತೇ ಹೋಗುತ್ತಿತ್ತು. ಆಗ ಅದು ನನ್ನ ಹೆಚ್ಚುಗಾರಿಕೆ ಎಂದುಕೊಂಡಿದ್ದೆ.

ದಿನಕ್ಕೆ ಏಳೆಂಟು ಜನರ ಮನೆಯ ಮಾತು ಕೇಳಿ ಎಸ್.ಎಸ್. ಬಡಾವಣೆಯ ನನ್ನ ಬಾಡಿಗೆ ಕೋಣೆಗೆ ಬಂದರೆ, ಹಾಲು ಹಾಕುವಾಕೆಗೆ "ಅರ್ಧ ಲೀಟರ್ ಸಾಕು" ಎನ್ನುವುದರ ಹೊರತು ನಾನು ಆಡುವ ಮಾತು ಇರುತ್ತಿರಲಿಲ್ಲ. ಈ ಕೆಲಸದಲ್ಲಿ ಅದೂ ಒಂದು ಭಾಗ. ಊರೆಲ್ಲ ಪರಿಚಯವಾಗುತ್ತದೆ, ಊರಿಗೆ ಮಾತ್ರ ನಾವು ಪರಿಚಯವಾಗುವುದಿಲ್ಲ.

ಹಳೆಯ ಊರಿನ ಕಡೆಗಿರುವ ಒಂದು ಉದ್ಯಾನದ ಕಬ್ಬಿಣದ ಗೇಟು ನನ್ನ ಪಟ್ಟಿಯಲ್ಲಿ ಒಂದೇ ಸಾಲಿನಲ್ಲಿತ್ತು: "ಅಲಂಕೃತ ದ್ವಾರ, ಮಾಹಿತಿ ಲಭ್ಯವಿಲ್ಲ." ಎರಡು ದೊಡ್ಡ ಕದಗಳು. ಒಂದೊಂದರಲ್ಲೂ ಒಂದೊಂದು ನವಿಲು, ಸುತ್ತ ಬಳ್ಳಿ, ಮೇಲೆ ಅರ್ಧ ಸೂರ್ಯ. ಎಡಗಡೆಯ ಕಂಬಕ್ಕೂ ಕದಕ್ಕೂ ನಡುವೆ ಇನ್ನೊಂದು ಪುಟ್ಟ ಬಾಗಿಲು. ಅದನ್ನು ಅಲ್ಲಿಯವರು ದಿಡ್ಡಿ ಎನ್ನುತ್ತಿದ್ದರು. ಒಬ್ಬರು ಮೈ ತುಸು ಓರೆ ಮಾಡಿದರೆ ಹೋಗಬಹುದು, ಅಷ್ಟೇ.

ಮಾಹಿತಿ ಲಭ್ಯವಿಲ್ಲ ಎಂದ ಕಡೆಯಲ್ಲೇ ಕಥೆಗಳು ಹೆಚ್ಚು. ಯಾವುದೋ ಅರಮನೆ ಹರಾಜಾದಾಗ ಬಂದ ಗೇಟು ಎಂದು ಎದುರಿನ ಬಟ್ಟೆ ಅಂಗಡಿಯವರು ಹೇಳಿದರು. ಹತ್ತಿ ವ್ಯಾಪಾರದ ಸಾಹುಕಾರರೊಬ್ಬರು ತೀರಿಹೋದ ಮಗಳ ನೆನಪಿಗೆ ಮಾಡಿಸಿದ್ದು, ದಿಡ್ಡಿಯ ಅಗಲ ಆ ಕೂಸಿನ ತೊಟ್ಟಿಲಿನಷ್ಟೇ ಇದೆ ಎಂದು ಇನ್ನೊಬ್ಬರು. ಮಳೆ ಬರುವ ಮುಂಚೆ ನವಿಲು ಕೂಗುತ್ತದೆ ಎಂಬುದು ಎಲ್ಲರ ನಂಬಿಕೆ. ಮೋಡ ಕವಿದ ಒಂದು ದಿನ ಹೋಗಿ ನಿಂತೆ. ನಿಜವಾಗಿಯೂ ಕೂಗಿತು. ತೇವಕ್ಕೆ ತುಕ್ಕು ಹಿಡಿದ ತಿರುಗಣಿಯ ಸದ್ದು ಅದು.

ನಿಜ ಸಿಕ್ಕಿದ್ದು ಹರಿಹರದಲ್ಲಿ. ಹೊಳೆಯ ಹತ್ತಿರದ ಓಣಿಯಲ್ಲಿ ಕುಲುಮೆ ಇಟ್ಟಿದ್ದ ಮೌನೇಶಪ್ಪ ಎಂಬ ಎಂಬತ್ತು ದಾಟಿದ ಕಮ್ಮಾರರ ತಂದೆ ಆ ಗೇಟು ಮಾಡಿದವರು.

"ಆ ದಿಡ್ಡಿ ಯಾಕೆ ಇಟ್ಟರು ಅಜ್ಜಾರೆ?" ಎಂದು ಕೇಳಿದೆ.

ಅವರು ಅರ್ಧ ಗಂಟೆ ಬೇರೆ ಎಲ್ಲವನ್ನೂ ಮಾತಾಡಿದರು. ಆಮೇಲೆ, "ನಮ್ಮಪ್ಪಂದು ತಪ್ಪಿಲ್ರಿ ಅದ್ರಾಗೆ," ಎಂದರು.

"ತಪ್ಪು ಅಂತ ನಾನು ಹೇಳಲಿಲ್ಲ."

"ನೀವು ಹೇಳ್ಲಿಲ್ಲ. ಊರು ಹೇಳ್ತಿತ್ತು. ಗೌಂಡಿ ಎರಡು ಕಂಬ ಕಟ್ಟಿ, ನಡುವಿನ ಅಳತೆನ ಹಗ್ಗಕ್ಕೆ ಗಂಟು ಹಾಕಿ ಕಳಿಸಿದ್ದ. ಪುಂಡಿನಾರಿನ ಹಗ್ಗ. ಬಂಡ್ಯಾಗೆ ಬರಾವಾಗ ದಾರ್ಯಾಗೆಲ್ಲ ಮಳಿ. ನೆಂದ ಹಗ್ಗ ಕುಗ್ಗಿತ್ತು. ನಮ್ಮಪ್ಪ ಗಂಟಿಂದ ಗಂಟಿಗೆ ಸರಿಯಾಗೇ ಮಾಡ್ದ. ಒಯ್ದು ನಿಲ್ಸಿದ್ರೆ ಒಂದು ಮೊಳ ಸಂದು! ನವಿಲು ಕಿತ್ತು ಮತ್ತೆ ಬೆಸೀತಾರೇನ್ರಿ? ಸಂದಿಗೆ ಒಂದು ದಿಡ್ಡಿ ಮಾಡಿ ಹಾಕ್ದ. ಸಾಹುಕಾರ್ರು ನೋಡಿ, 'ಭಾಳ ಚಲೋ ಆತು, ಇದನ್ನ ನಾನೇ ಹೇಳಬೇಕಂತಿದ್ದೆ' ಅಂದ್ರಂತೆ."

ಅವರು ಹಲ್ಲಿಲ್ಲದ ಬಾಯಿ ತೆರೆದು ನಕ್ಕರು. ನಾನು ಹರಿಹರದ ನಿಲ್ದಾಣದಲ್ಲಿ ಕೂತು ಒಂದಕ್ಷರ ಬಿಡದೆ ಬರೆದುಕೊಂಡೆ. ಗೇಟಿನ ಚರಿತ್ರೆ ಮುಗಿಯಿತು ಎಂದುಕೊಂಡೆ.

ಉದ್ಯಾನದ ಕಸ ಗುಡಿಸುವ ಬಸಮ್ಮನ ಸೊಂಟದಲ್ಲಿ ಎರಡೂ ಬಾಗಿಲುಗಳ ಕೀಲಿ ಇರುತ್ತಿತ್ತು. ಅಳತೆಗೆಂದು ನಾನು ಹೋದಾಗಲೆಲ್ಲ ಆಕೆ ಪೊರಕೆ ಬದಿಗಿಟ್ಟು, "ಬರ್ರಿ ತಾಯಿ, ಕೂಡ್ರಿ," ಎಂದು ಸೆರಗಿನ ಗಂಟಿನಿಂದ ಮಂಡಕ್ಕಿ ಬಿಚ್ಚುತ್ತಿದ್ದಳು. ಒಂದು ಭಾನುವಾರ ಕಲ್ಲುಬೆಂಚಿನ ಸುತ್ತ ಎರಡು ಕುಟುಂಬಗಳು ಕೂತಿದ್ದವು. ಹುಡುಗಿಯ ತಲೆ ತಗ್ಗಿತ್ತು.

"ಹೆಣ್ಣು ತೋರ್ಸಾಕೆ ಬಂದಾರೆ," ಎಂದಳು ಬಸಮ್ಮ. "ಮನ್ಯಾಗೆ ತೋರ್ಸಿ ಬ್ಯಾಡಂದ್ರೆ ಓಣಿಗೆಲ್ಲ ಗೊತ್ತಾಗತೈತೆ. ಪಾರ್ಕಿನಾಗಾದ್ರೆ ಯಾರಿಗೆ ಗೊತ್ತು? ಲೋಕಿಕೆರೆ ಕಡಿಂದ, ಬಾತಿ ಕಡಿಂದ, ಎಲ್ಲಾರೂ ಇಲ್ಲಿಗೇ ಬರ್ತಾರೆ."

ಹೊರಡುವಾಗ ಎಲ್ಲರೂ ನವಿಲಿನ ಬಾಗಿಲಿನಿಂದ ಹೋದರು. ಹುಡುಗಿ ಮಾತ್ರ ಎರಡು ಹೆಜ್ಜೆ ಹಿಂದೆ ಉಳಿದು, ಸೀರೆಯ ನೆರಿಗೆ ಹಿಡಿದುಕೊಂಡು ದಿಡ್ಡಿಯಿಂದ ಹೊರಗೆ ಹೋದಳು. ಗಂಡಸರು ಯಾರೂ ಗಮನಿಸಲಿಲ್ಲ. ಗಂಗಕ್ಕ ಎಂಬ ಸಂಬಂಧ ಕುದುರಿಸುವ ಹೆಂಗಸು ದೂರದಿಂದ ನೋಡಿ ಎಲೆಯಡಿಕೆ ಉಗಿದಳು.

"ಬ್ಯಾಡ ಅಂದ್ಲು," ಎಂದಳು ಬಸಮ್ಮ, ಮಂಡಕ್ಕಿ ಬಾಯಿಗೆ ಹಾಕಿಕೊಳ್ಳುತ್ತ.

ಹುಡುಗಿ ಬಾಯಿಬಿಟ್ಟು ಬೇಡ ಎನ್ನುವಂತಿಲ್ಲ. ದಿಡ್ಡಿಯಿಂದ ಹೋದರೆ ಮನಸ್ಸಿಲ್ಲ ಎಂದು ಅರ್ಥ. ಗಂಗಕ್ಕ ನಾಲ್ಕು ದಿನ ಬಿಟ್ಟು ಎರಡೂ ಕಡೆಗೆ ಜಾತಕ ಕೂಡಲಿಲ್ಲ ಎಂದು ಹೇಳಿ ಮುಗಿಸುತ್ತಿದ್ದಳು. ಗಂಡಿಗೆ ಅವಮಾನವಿಲ್ಲ, ಹೆಣ್ಣಿಗೆ ಬೈಗುಳವಿಲ್ಲ. ತಾಯಂದಿರಲ್ಲಿ ಕೆಲವರಿಗೆ ಗೊತ್ತು, ಕೆಲವರಿಗೆ ಗೊತ್ತಿದ್ದೂ ಗೊತ್ತಿಲ್ಲ. ಎಂದಿನಿಂದ ಹೀಗೆ ಎಂದು ಕೇಳಿದರೆ ಬಸಮ್ಮ, "ನಮ್ಮತ್ತಿ ಕಸ ಹೊಡಿಯೋ ಕಾಲದಾಗೂ ಇತ್ತು," ಎಂದಳು. ಆಮೇಲೆ ನನ್ನ ಮುಖ ನೋಡಿ, "ನಿಮ್ಮನ್ನೂ ತೋರ್ಸಿರಬೇಕಲ್ಲ ತಾಯಿ ಎಲ್ಲಾದ್ರೂ? ನೀವು ಯಾವ ಬಾಗಿಲಾಗೆ ಹೋದ್ರಿ?" ಎಂದು ಕೇಳಿದಳು.

ನಾನು ಆಕೆಗೆ ಉತ್ತರ ಹೇಳಿದೆ. ಆ ಊರಿನಲ್ಲಿ ನನ್ನ ಬಗ್ಗೆ ನಾನು ಯಾರಿಗಾದರೂ ಹೇಳಿದ್ದು ಅದೊಂದೇ ಸಲ. ಈ ಬರಹಕ್ಕೆ ಅದು ಬೇಕಾಗಿಲ್ಲ.

ಅಂದು ಸಂಜೆ ಎಂದಿನಂತೆ ಬಸ್ ನಿಲ್ದಾಣದ ಬೆಂಚಿನಲ್ಲಿ ಕೂತು ಎಲ್ಲವನ್ನೂ ಬರೆದೆ. ನನ್ನ ಉತ್ತರವೊಂದನ್ನು ಬಿಟ್ಟು. ಬಿಡಬೇಕಾದದ್ದು ಇನ್ನೂ ಇತ್ತು ಎಂದು ಆಗ ಹೊಳೆಯಲಿಲ್ಲ.

ಶಿವಯೋಗಪ್ಪನವರು ಆ ಟಿಪ್ಪಣಿಯಲ್ಲಿ ಒಂದು ಗೆರೆಯನ್ನೂ ಹೊಡೆಯಲಿಲ್ಲ. "ಇಡೀ ಕೈಪಿಡ್ಯಾಗೆ ಜನ ಓದೋದು ಇದೊಂದೇ ಪುಟ ನೋಡು," ಎಂದರು. ಕೈಪಿಡಿಗೆ ಮುಂಗಡ ಪ್ರಚಾರವಾಗಲಿ ಎಂದು ಅವರು ಅದನ್ನು ಊರಿನ ಒಂದು ಪತ್ರಿಕೆಗೆ ಕೊಡುವುದಾಗಿ ಹೇಳಿದಾಗ ನಾನು ಸಂತೋಷದಿಂದಲೇ ಒಪ್ಪಿದೆ. ಭಾನುವಾರದ ಪುರವಣಿಯಲ್ಲಿ ಗೇಟಿನ ಚಿತ್ರದೊಂದಿಗೆ ಬಂತು. ಕೆಳಗೆ ನನ್ನ ಹೆಸರಿತ್ತು. ನಾಲ್ಕು ಪ್ರತಿ ಕೊಂಡೆ. ಒಂದನ್ನು ಇಟ್ಟುಕೊಂಡೆ, ಉಳಿದ ಮೂರನ್ನು ಯಾರಿಗೆ ಕೊಡಬೇಕೆಂದು ತಿಳಿಯಲಿಲ್ಲ.

ಗುರುವಾರ ಒಬ್ಬ ಹುಡುಗಿ ಕಚೇರಿಗೆ ಬಂದಳು. ಲೋಕಿಕೆರೆಯವಳು, ಬಿ.ಎಸ್ಸಿ. ಕೊನೆಯ ವರ್ಷ, ಸುಮಾ ಎಂದು ಹೇಳಿಕೊಂಡಳು. ಪತ್ರಿಕೆಯ ತುಂಡನ್ನು ನನ್ನ ಮೇಜಿನ ಮೇಲಿಟ್ಟಳು.

"ಇದನ್ನ ಬರೆದೋರು ನೀವೇನ್ರಿ?"

"ಹೌದು."

"ಹೋದ ವರ್ಷ ನಾನು ದಿಡ್ಯಾಗೆ ಹೋಗಿದ್ದೆ. ಜಾತಕ ಕೂಡ್ಲಿಲ್ಲ ಅಂತ ನಮ್ಮಪ್ಪ ನಂಬಿದ್ರು. ಭಾನುವಾರ ಇದನ್ನ ಎರಡು ಸಲ ಓದಿದ್ರು. ಆಮೇಲೆ ನನ್ನ ಕರೆದು, 'ಜಾತಕ ಕೂಡದೆ ಇದ್ದಿದ್ದು ಯಾಕಂತ ಈಗ ಗೊತ್ತಾತು' ಅಂದ್ರು. ಬರೋ ಭಾನುವಾರ ಹರಿಹರದೋರು ಬರ್ತಾರೆ. ಅದೇ ಪಾರ್ಕು. ದಿಡ್ಡಿ ಹತ್ರ ತಾವೇ ನಿಂತ್ಕಂತಾರಂತೆ. ಮದುವಿ ಆದ್ರೆ ಓದು ಮುಗೀತು ಅಂತ ಅವರು ಮೊದ್ಲೇ ಹೇಳಿ ಕಳಿಸ್ಯಾರೆ."

ನನಗೆ ಹೊಳೆದ ಒಂದೇ ಮಾತು ಹೇಳಿದೆ: "ನಿಮ್ಮ ಹೆಸರನ್ನು ನಾನು ಬರೆದಿಲ್ಲ."

"ನನ್ನ ಹೆಸರು ಯಾಕ ಬೇಕ್ರಿ? ಬಾಗಿಲ ಹೆಸರು ಬರೆದ್ರಲ್ಲ."

ಆಕೆ ಅಳಲಿಲ್ಲ, ಸಿಟ್ಟಾಗಲಿಲ್ಲ. ಪತ್ರಿಕೆಯ ತುಂಡನ್ನು ಮಡಿಸಿ ಅಲ್ಲೇ ಬಿಟ್ಟು ಹೋದಳು. ಮೂರು ವರ್ಷ ನನ್ನ ಬರಹದಲ್ಲಿ ತಪ್ಪು ಹುಡುಕಿಕೊಂಡು ಬಂದವರಿದ್ದರು. ತಪ್ಪೇ ಇಲ್ಲದ ಬರಹ ಹಿಡಿದುಕೊಂಡು ಬಂದವಳು ಇವಳೊಬ್ಬಳೇ.

ಆಗಲೇ ಉದ್ಯಾನಕ್ಕೆ ಹೋದೆ. ಬಸಮ್ಮ ಗುಡಿಸುತ್ತಲೇ ಇದ್ದಳು. ಬರ್ರಿ ಎನ್ನಲಿಲ್ಲ.

"ನಾನು ಹೇಳಿದ್ದು ನಿಮ್ಗೆ ಮೇಡಂ. ಪೇಪರಿಗಲ್ಲ."

"ತಪ್ಪಾಯಿತು ಬಸಮ್ಮ."

"ತಪ್ಪೇನೈತಿ? ನಿಮ್ಮ ಕೆಲ್ಸ ನೀವು ಮಾಡಿದ್ರಿ. ಪೇಪರ್ ಬಂದಾಗಿಂದ ಕಾಲೇಜು ಹುಡುಗ್ರು ಬಂದು ದಿಡ್ಯಾಗೆ ಹೋಗಿ ಬಂದು ನಗ್ತಾರೆ. 'ಬ್ಯಾಡ, ಬ್ಯಾಡ' ಅಂತ ಕುಣೀತಾರೆ."

ಸುಮಾಳ ವಿಷಯ ಹೇಳಿದೆ. ಪೊರಕೆ ನಿಂತಿತು. ತಂದೆ ದಿಡ್ಡಿಗೆ ಅಡ್ಡ ನಿಂತರೆ ಅವಳನ್ನು ಆ ಕಡೆಯಿಂದ ಕಳಿಸುವ ದಾರಿಯಿಲ್ಲ. ಆದರೆ ದೊಡ್ಡ ಬಾಗಿಲೇ ತೆರೆಯದಿದ್ದರೆ ಎಲ್ಲರೂ ದಿಡ್ಡಿಯಿಂದಲೇ ಹೋಗಬೇಕಾಗುತ್ತದೆ. ಅವಳು ಹೋದದ್ದನ್ನು ಗಂಗಕ್ಕ ನೋಡುತ್ತಾಳೆ, ತಂದೆ ಅವಳೊಬ್ಬಳನ್ನೇ ಬೈಯುವಂತಿಲ್ಲ. ಇದನ್ನು ನಾನು ಒಂದು ಲೆಕ್ಕದ ಹಾಗೆ ಆಕೆಗೆ ಹೇಳಿದೆ. ಬಸಮ್ಮ ಸೊಂಟದ ಕೀಲಿಗಳನ್ನು ಮುಟ್ಟಿ ನೋಡಿಕೊಂಡಳು.

"ಯಾರಾರ ಕೇಳಿದ್ರೆ?"

"ಕಾಗದ ನಾನು ಬರೆಯುತ್ತೇನೆ."

ಅಂದು ಮಧ್ಯಾಹ್ನ ಕಚೇರಿಯ ಹೆಸರಿರುವ ಹಾಳೆಯಲ್ಲಿ ಬರೆದೆ: "ಅಳತೆ ಕಾರ್ಯದ ನಿಮಿತ್ತ ಮುಖ್ಯ ದ್ವಾರವನ್ನು ಮುಚ್ಚಲಾಗಿದೆ. ಸಾರ್ವಜನಿಕರು ಪಕ್ಕದ ಬಾಗಿಲನ್ನು ಬಳಸುವುದು." ಅಂಥ ಆದೇಶವನ್ನು ಯಾರೂ ಕೊಟ್ಟಿರಲಿಲ್ಲ. ನನ್ನ ಕೆಲಸದ ಅವಧಿಯಲ್ಲಿ ತಿಳಿದೂ ತಿಳಿದೂ ಬರೆದ ಸುಳ್ಳು ಅದೊಂದೇ. ಅಕ್ಷರ ಎಂದಿಗಿಂತ ದುಂಡಗೆ ಬಂದಿತ್ತು.

ಭಾನುವಾರ ನಾಲ್ಕು ಗಂಟೆಗೆ ಎರಡೂ ಕಡೆಯವರು ನವಿಲಿನ ಬಾಗಿಲಿನಿಂದಲೇ ಒಳಗೆ ಬಂದರು. ಅವರು ಬೆಂಚಿನಲ್ಲಿ ಕೂತ ಮೇಲೆ ಬಸಮ್ಮ ಕದ ಎಳೆದು ಸರಪಳಿ ಹಾಕಿದಳು. ನಾನು ಕಾಗದ ಅಂಟಿಸಿ ಟೇಪು ಬಿಚ್ಚಿದೆ. ನವಿಲಿನ ಕೊಕ್ಕಿನಿಂದ ಬಾಲದ ತುದಿಯವರೆಗೆ ಮೂರು ಸಲ ಅಳೆದರೆ ಮೂರು ಲೆಕ್ಕ ಬಂತು.

ಅರ್ಧ ಗಂಟೆಯಲ್ಲಿ ಎದ್ದು ಬಂದರು. ಸುಮಾಳ ತಂದೆ ಬಿಳಿ ಅಂಗಿಯ ಎತ್ತರದ ಮನುಷ್ಯ. ಮಾತಿನಂತೆ ನೇರವಾಗಿ ದಿಡ್ಡಿಯ ಹತ್ತಿರ ಹೋಗಿ ನಿಂತವರು, ತಿರುಗಿ ನೋಡಿದರೆ ದೊಡ್ಡ ಬಾಗಿಲಿಗೆ ಬೀಗ.

"ಏನ್ರಿ ಇದು? ಬರಾವಾಗ ತೆಗೆದಿತ್ತಲ್ಲ?"

"ಅಳತೆ ನಡೆದಿದೆ. ಈ ಕಡೆಯಿಂದ ಹೋಗಿ," ಎಂದೆ. ನನ್ನ ದನಿ ನನಗೇ ಬೇರೆಯವರದಂತೆ ಕೇಳಿತು.

"ತೆಗಿಯಮ್ಮ ಬೀಗ," ಎಂದರು ಬಸಮ್ಮನಿಗೆ.

"ಆರ್ಡರ್ ಐತ್ರಿ ಯಜಮಾನ್ರೆ," ಎಂದಳು ಬಸಮ್ಮ. "ನಂದೇನೈತಿ? ಓದ್ಕಳ್ರಿ."

ಅವರು ಕಾಗದವನ್ನು ಎರಡು ಸಲ ಓದಿದರು. ಅಷ್ಟರಲ್ಲಿ ಹುಡುಗನ ತಾಯಿ ಮುಂದೆ ಬಂದರು. ತುಂಬು ಮೈಯವರು. ದಿಡ್ಡಿಯನ್ನು ನೋಡಿ, "ಅಯ್ಯ ಶಿವನೆ, ಇದ್ರಾಗೆ ನಾ ಹಿಡಿಸ್ತೀನಾ?" ಎಂದರು. ಗಂಗಕ್ಕ ಹಿಂದಿನಿಂದ, "ಉಸಿರು ಬಿಗಿ ಹಿಡ್ಕಳ್ರಿ ಅಕ್ಕಾರೆ, ಹೋಗ್ತೀರಿ," ಎಂದಳು. ಅವರು ಓರೆಯಾಗಿ ನುಸುಳಿದರು. ಹಿಂದೆ ಅವರ ಯಜಮಾನರು, ಆಮೇಲೆ ಹುಡುಗ. ಹುಡುಗನ ತಂದೆಯೂ ಪತ್ರಿಕೆ ಓದಿದ್ದವರೇ ಇರಬೇಕು. ಹೊರಗೆ ನಿಂತು ಜೋರಾಗಿ ನಕ್ಕು, "ಎಲ್ಲಾರೂ ಬ್ಯಾಡ ಅಂದಂಗಾತಲ್ರಿ ಬೀಗ್ರೆ!" ಎಂದರು. ಅವರ ಹೆಂಡತಿ ನಗಲಿಲ್ಲ. ಸೆರಗಿಗೆ ಹತ್ತಿದ ತುಕ್ಕನ್ನು ನೋಡಿಕೊಳ್ಳುತ್ತಿದ್ದರು. ಗಂಗಕ್ಕ ನನ್ನ ಕಡೆ ಒಮ್ಮೆ ನೋಡಿದಳು, ಆ ತುಕ್ಕಿನ ಕಡೆ ಒಮ್ಮೆ ನೋಡಿದಳು.

ಸುಮಾ ಕೊನೆಗೆ ಬಂದಳು. ದಿಡ್ಡಿಯ ಪಕ್ಕಕ್ಕೆ ಸರಿದು ನಿಂತಿದ್ದ ತಂದೆ ಅವಳಿಗೂ ದಾರಿ ಬಿಡಲೇಬೇಕಾಯಿತು. ಎಲ್ಲರೂ ಹೋದ ದಾರಿಯಲ್ಲೇ ಹೋದಳು. ನನ್ನ ಕಡೆ ನೋಡಲಿಲ್ಲ.

ಹೆಣ್ಣು ನೋಡಿ ಹೊರಡುವಾಗ ದೊಡ್ಡ ಬಾಗಿಲು ಮುಚ್ಚಿದ್ದು, ಹೊಸ ಸೀರೆಗೆ ಕಬ್ಬಿಣದ ಕಲೆಯಾದದ್ದು ಒಳ್ಳೆಯ ಶಕುನವಲ್ಲ ಎಂದು ಗಂಗಕ್ಕ, ಅವರು ಹರಿಹರದ ಬಸ್ಸು ಹತ್ತುವ ಮುಂಚೆಯೇ, ಹುಡುಗನ ತಾಯಿಯ ಕಿವಿಗೆ ಹಾಕಿದ್ದಳಂತೆ. ಸಂಬಂಧವನ್ನು ಅವರೇ ಬೇಡವೆಂದರು. ಸುಮಾ ಆ ವರ್ಷ ಪರೀಕ್ಷೆ ಬರೆದಳು. ಇದೆಲ್ಲ ನನಗೆ ಬೇರೆಯವರಿಂದ ಗೊತ್ತಾದದ್ದು.

ಅವಳ ತಂದೆ ಕಚೇರಿಗೆ ದೂರು ಕೊಟ್ಟರು. ಶಿವಯೋಗಪ್ಪನವರು ನನ್ನ ಕಾಗದವನ್ನು ಮುಂದಿಟ್ಟುಕೊಂಡು ಕರೆಸಿದರು.

"ಈ ಆರ್ಡರ್ ಯಾರು ಕೊಟ್ರು?"

"ಯಾರೂ ಇಲ್ಲ ಸರ್. ನಾನೇ ಬರೆದೆ."

ಅವರು ಕನ್ನಡಕ ತೆಗೆದು ಒರೆಸಿದರು. ಯಾಕೆ ಎಂದು ಕೇಳುತ್ತಾರೆಂದು ಕಾದೆ. ಕೇಳಿದ್ದರೆ ಹೇಳುತ್ತಿದ್ದೆನೋ ಇಲ್ಲವೋ.

"ಅಳತೆ ಎಷ್ಟು ಬಂತು?"

ಹೇಳಿದೆ. ಕದ ಇಷ್ಟು, ದಿಡ್ಡಿ ಒಂದು ಅಡಿ ಐದು ಅಂಗುಲ.

"ಅಳತೆ ಆಗೈತಲ್ಲ. ಹಂಗಾರೆ ಕಾಗದ ಸುಳ್ಳಲ್ಲ," ಎಂದು ಅದನ್ನು ಕಡತಕ್ಕೆ ಸೇರಿಸಿದರು.

ಕೈಪಿಡಿಯ ಕರಡಿನಿಂದ ಆ ಪುಟವನ್ನು ತೆಗೆದುಬಿಟ್ಟೆ. ಅಚ್ಚಾದ ಪುಸ್ತಕದಲ್ಲಿ ನೆಂದ ಹಗ್ಗದ ಸಂಗತಿ ಮಾತ್ರ ಇದೆ. ಜನ ಓದುವ ಒಂದೇ ಪುಟ ಹೋಯಿತು ಎಂದು ಶಿವಯೋಗಪ್ಪನವರು ಒಮ್ಮೆಯೂ ಅನ್ನಲಿಲ್ಲ. ಹುಡುಗರ ಗಲಾಟೆ ತಡೆಯಲಾಗದೆ ಕೆಲವು ತಿಂಗಳ ಮೇಲೆ ಉದ್ಯಾನ ನೋಡಿಕೊಳ್ಳುವವರು ದಿಡ್ಡಿಗೆ ಬೆಸುಗೆ ಹಾಕಿಸಿದರು. ಅದಿನ್ನು ತೆರೆಯುವುದಿಲ್ಲ. ಈಗ ಇದನ್ನೆಲ್ಲ ಬರೆಯಲು ಧೈರ್ಯ ಬಂದಿರುವುದು ಆ ಕಾರಣಕ್ಕೆ. ಇಲ್ಲಿರುವ ಹೆಸರುಗಳನ್ನೂ ಬದಲಿಸಿದ್ದೇನೆ.

ಬೀಳ್ಕೊಡುಗೆಯ ಸಂಜೆ ಶಾಲನ್ನು ಚೀಲದಲ್ಲಿಟ್ಟುಕೊಂಡು ಉದ್ಯಾನಕ್ಕೆ ಹೋದೆ. ಆ ಹೊತ್ತಿಗೂ ಒಂದು ಹೆಣ್ಣು ತೋರಿಸುವ ಗುಂಪು ಕೂತಿತ್ತು. ನಾನು ದೂರದ ಬೆಂಚಿನಲ್ಲಿ ಕೂತೆ. ಅವರು ಎದ್ದರು. ಹುಡುಗಿ ಎಲ್ಲರೊಂದಿಗೆ ನವಿಲಿನ ಬಾಗಿಲಿನಿಂದಲೇ ಹೊರಗೆ ಹೋದಳು. ಅವಳು ಏನನ್ನೂ ಬೀಳಿಸಲಿಲ್ಲ, ತಿರುಗಿ ನೋಡಲಿಲ್ಲ, ಕೈ ಎತ್ತಲಿಲ್ಲ. ಇಷ್ಟು ವರ್ಷ ನೋಡುವುದನ್ನೇ ಕೆಲಸ ಮಾಡಿಕೊಂಡಿದ್ದ ನನಗೆ ಏನೂ ಕಾಣಲಿಲ್ಲ. ಆದರೆ ಬಸಮ್ಮನ ಪೊರಕೆ ಒಂದು ಕ್ಷಣ ನಿಂತಿತು. ಗೇಟಿನ ಆಚೆ ಗಂಗಕ್ಕ ಎಲೆಯಡಿಕೆ ಉಗಿದು, ಸೆರಗು ಸರಿಮಾಡಿಕೊಂಡು ಗಂಡಿನ ಕಡೆಯವರ ಹಿಂದೆ ನಡೆದಳು.

ಬಸಮ್ಮ ಗುಡಿಸುತ್ತ ನನ್ನ ಬೆಂಚಿನವರೆಗೆ ಬಂದಳು.

"ಏನಂದಳು ಬಸಮ್ಮ?" ಎಂದು ಕೇಳಿದೆ. "ನನ್ನ ಕೆಲಸ ಇವತ್ತಿಗೆ ಮುಗಿಯಿತು. ಬರೆಯುವುದಿಲ್ಲ."

"ಯಾರು ಏನಂದ್ರು ಮೇಡಂ?" ಎಂದಳು ಬಸಮ್ಮ. ಮುಖದಲ್ಲಿ ಏನೂ ಇರಲಿಲ್ಲ. "ಕಾಲು ಎತ್ರಿ, ಕಸ ಹೊಡೀಬೇಕು."

ನಾನು ಕಾಲು ಎತ್ತಿದೆ. ಆಕೆ ಬೆಂಚಿನ ಕೆಳಗೆ ಗುಡಿಸಿಕೊಂಡು ಮುಂದೆ ಹೋದಳು.